ಖಂಡೆಪೂಜೆಗೆ ತೊಳೆದ ಗಾಜು

ನನ್ನ ಕ್ಯಾಮೆರಾ ಈಗ ಮುಂಬಯಿಯಲ್ಲಿ ಒಂದು ಕಪಾಟಿನೊಳಗೆ ಕೂತಿದೆ. ಹಳೆಯ ಕ್ಯಾಮೆರಾಗಳನ್ನೂ ಹಳೆಯ ಕಟ್ಟಡಗಳ ಫೋಟೋಗಳನ್ನೂ ಕೂಡಿಡುವ ಒಂದು ಸಂಗ್ರಹದ ಕಪಾಟು ಅದು. ಹೋದ ವರ್ಷ ಕಣ್ಣು ತೋರಿಸಿಕೊಳ್ಳಲು ಮುಂಬಯಿಗೆ ಹೋದವನು ಸುಮ್ಮನೆ ಬರಲಾರದೆ ಅಲ್ಲಿಗೂ ಹೋದೆ. ಹೋಗಬಾರದಿತ್ತು. ಕ್ಯಾಮೆರಾದ ಮುಂದೆ ಒಂದು ಚೀಟಿ ಅಂಟಿಸಿದ್ದಾರೆ: ತೇಗದ ಪೆಟ್ಟಿಗೆ, ಚರ್ಮದ ತಿದಿ, ಹಿತ್ತಾಳೆಯ ಕೊಳವೆ, ಬೆಳಗಾವಿ ಜಿಲ್ಲೆಯಿಂದ ಬಂದದ್ದು, ಅತ್ಯಂತ ಸ್ವಚ್ಛವಾಗಿದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: ಇದರಿಂದ ತೆಗೆದ ಚಿತ್ರಗಳು ದೊರೆತಿಲ್ಲ.

ದೊರೆತಿಲ್ಲವಂತೆ! ದಾರಿಯಲ್ಲಿ ಎಲ್ಲೋ ಬಿದ್ದುಹೋದವು, ನಾಳೆ ನಾಡಿದ್ದು ಯಾರಾದರೂ ಹುಡುಕಿ ತಂದುಕೊಡುತ್ತಾರೆ ಎನ್ನುವ ಹಾಗೆ. ಪಕ್ಕದಲ್ಲಿ ನಿಂತಿದ್ದ ಕೋಟು ತೊಟ್ಟವನೊಬ್ಬ ತನ್ನ ಹೆಂಡತಿಗೆ, ಎಷ್ಟು ಚೊಕ್ಕ ಇಟ್ಟಿದ್ದಾರೆ ನೋಡು ಅಂದ. ಅವನ ಕಪಾಳಕ್ಕೆ ಒಂದು ಬಿಗಿಯಬೇಕು ಎನ್ನಿಸಿತು. ಅರವತ್ತು ದಾಟಿದ ಮುದುಕ, ಕೈ ಎತ್ತಲಿಲ್ಲ. ಆ ಚೊಕ್ಕತನ ಹೇಗೆ ಬಂತು ಎಂಬುದನ್ನು ಊರಿಗೆ ಬಂದು ಬರೆಯುತ್ತಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಲಿ ಎಂದು ಕಾಯುತ್ತ ಕೂತರೆ ನಾನೇ ಇರುವುದಿಲ್ಲ.

ನಮ್ಮದು ಬೈಲಹೊಂಗಲ. ರೈತರ ಹತ್ತಿಯನ್ನು ದಲಾಲಿಗೆ ಮಾರಿಕೊಡುವ ಅಡತಿ ಅಂಗಡಿಯ ಮನೆತನ. ನಾನು ಹೇಳುತ್ತಿರುವುದು ಜರ್ಮನಿಯ ದೊಡ್ಡ ಯುದ್ಧಕ್ಕಿಂತ ಮುಂಚಿನ ಮಾತು. ಪ್ಲೇಗು ನನ್ನ ಹೆಂಡತಿಯನ್ನು ಒಯ್ದ ಮೇಲೆ ಮನೆಯಲ್ಲಿ ಉಳಿದವರು ಇಬ್ಬರೇ: ನಾನು, ನನಗಿಂತ ಎಂಟು ವರ್ಷ ದೊಡ್ಡವಳಾದ ಅಕ್ಕ. ಅಕ್ಕನನ್ನು ಸವದತ್ತಿ ಕಡೆಯ ಒಂದು ಹಳ್ಳಿಯ ವಾಡೆಗೆ ಕೊಟ್ಟಿದ್ದರು. ವಾಡೆ ಎಂದರೆ ದೇಸಗತಿಯವರ, ಅಂದರೆ ಹಳೆಯ ಜಹಗೀರುದಾರರ, ದೊಡ್ಡ ಮನೆ. ಚಚಡಿಯ ವಾಡೆಯಷ್ಟು ದೊಡ್ಡದಲ್ಲ, ಆದರೆ ಸೊಕ್ಕು ಅದಕ್ಕಿಂತ ಹೆಚ್ಚು. ಆ ಹಳ್ಳಿಯ ಹೆಸರು ಬರೆಯುವುದಿಲ್ಲ. ಆ ಮನೆತನದವರು ಇನ್ನೂ ಇದ್ದಾರೆ, ನನ್ನ ಕೈಯಿಂದ ಹೆಸರು ಬರೆಸಿಕೊಳ್ಳುವ ಯೋಗ್ಯತೆ ಅವರಿಗಿಲ್ಲ. ಅಕ್ಕನಿಗೆ ಹತ್ತೊಂಬತ್ತು ತುಂಬಿದಾಗ ಅವಳ ಗಂಡ ತೀರಿಕೊಂಡ. ತಿಂಗಳು ತುಂಬುವುದರೊಳಗೆ ಅವಳನ್ನು ಉಟ್ಟ ಸೀರೆಯಲ್ಲೇ ಗಾಡಿ ಹತ್ತಿಸಿ ನಮ್ಮ ಬಾಗಿಲಿಗೆ ತಂದು ಇಳಿಸಿದರು. ಗಾಡಿಯ ಜೊತೆ ಬಂದವರು ಒಂದು ತಂಬಿಗೆ ನೀರನ್ನೂ ಕುಡಿಯದೆ ತಿರುಗಿ ಹೋದರು. ಆ ಊರಿನ ಹೆಸರು ಈ ಮನೆಯಲ್ಲಿ ಯಾರೂ ಎತ್ತಕೂಡದು ಎಂದು ಅಪ್ಪ ಅಂದೇ ಹೇಳಿಬಿಟ್ಟ. ಅಪ್ಪ ಸತ್ತ ಮೇಲೂ ನಾವು ಎತ್ತಲಿಲ್ಲ. ಅಕ್ಕನೂ ಎತ್ತಲಿಲ್ಲ.

ಕ್ಯಾಮೆರಾ ನನಗೆ ಸಿಕ್ಕಿದ್ದು ಧಾರವಾಡದಲ್ಲಿ. ರಸ್ತೆ ಕಟ್ಟಿಸುತ್ತಿದ್ದ ಒಬ್ಬ ಇಂಜಿನಿಯರ್ ಸಾಹೇಬ ತನ್ನ ದೇಶಕ್ಕೆ ಹೊರಟಾಗ ಅವನ ಕುರ್ಚಿ, ಮಂಚ, ಕುದುರೆಯ ಜೀನುಗಳ ಜೊತೆ ಅದೂ ಹರಾಜಿಗೆ ಬಂದಿತ್ತು. ಕೊಂಡು ತಂದೆ. ಅಡತಿ ಅಂಗಡಿಯನ್ನು ದಾಯಾದಿಗಳ ಕೈಗೆ ಬಿಟ್ಟು ಇದರ ಬೆನ್ನು ಹತ್ತಿದೆ. ಊರವರು ನಕ್ಕರು. ಫೋಟೋದ ಅಂಗಡಿ ತೆಗೆದು ಮಂದಿಯ ಮೋರೆ ತೆಗೆಯುತ್ತಾನೆ ಅಂದುಕೊಂಡು ಕೆಲವರು ಜರಿ ರುಮಾಲು ಸುತ್ತಿಕೊಂಡು ಬಂದೂ ಬಂದರು. ಅವರನ್ನೆಲ್ಲ ಬಾಗಿಲಿನಿಂದಲೇ ಅಟ್ಟಿದೆ. ನನಗೆ ಬೇಕಾಗಿದ್ದು ಕಟ್ಟಡಗಳು. ಮನುಷ್ಯರು ಅಲುಗಾಡುತ್ತಾರೆ, ಮಾತಾಡುತ್ತಾರೆ, ಚಿತ್ರ ಕೆಡಿಸುತ್ತಾರೆ. ಕಲ್ಲು ಸುಮ್ಮನೆ ನಿಲ್ಲುತ್ತದೆ ಎಂದು ಎಲ್ಲರೆದುರು ಹೇಳಿಕೊಂಡು ತಿರುಗುತ್ತಿದ್ದೆ. ಆಗ ನನಗೆ ಮೂವತ್ತು ವರ್ಷ, ಬುದ್ಧಿ ಅದರ ಅರ್ಧದ್ದು.

ಏಳು ವರ್ಷ ತಿರುಗಿದೆ. ಬಾಡಿಗೆಗೆ ಒಂದು ಗಾಡಿ, ಅದರ ಗಾಡಿಯವ ಒಬ್ಬ, ಹುಲ್ಲಿನ ಮೇಲೆ ಕಂಬಳಿ ಹಾಸಿ ಅದರ ಮೇಲೆ ಪೆಟ್ಟಿಗೆ. ದೇಗಾಂವದ ಕಮಲನಾರಾಯಣ ಗುಡಿಯೊಳಗೆ ಬೆಳಕು ಸಾಲದೆ ಗಾಡಿಯವನ ಬಿಳಿ ಧೋತರವನ್ನು ಬಿಸಿಲಿಗೆ ಹಿಡಿಸಿ, ಆ ಬೆಳಕನ್ನು ಕಂಬಗಳ ಮೇಲೆ ತಿರುಗಿಸಿ ತೆಗೆದೆ. ಅವನು ಲಂಗೋಟಿಯಲ್ಲಿ ನಿಂತು ಅಷ್ಟು ಹೊತ್ತೂ ನನ್ನನ್ನು ಬೈದ. ಕಿತ್ತೂರಿನಲ್ಲಿ ಬಿದ್ದ ಅರಮನೆಯ ಗೋಡೆಗಳ ನಡುವೆ ದನ ಕಟ್ಟಿದ್ದರು, ಬಿಡಿಸಿ ಅಂದದ್ದಕ್ಕೆ ನನ್ನ ಮೇಲೆಯೇ ಬಂದರು. ಸವದತ್ತಿಯ ಕೋಟೆಯ ಮೇಲೆ ಗಾಳಿಗೆ ಸ್ಟ್ಯಾಂಡು ನಿಲ್ಲದೆ ಅದರ ಮೂರು ಕಾಲಿಗೂ ಕಲ್ಲು ಕಟ್ಟಿದೆ. ಒಂದೊಂದು ಚಿತ್ರಕ್ಕೆ ಒಂದೊಂದು ಗಾಜಿನ ಪ್ಲೇಟು. ಅಂಗೈ ಎರಡರಷ್ಟು ಅಗಲ. ಕ್ಯಾಮೆರಾ ಕಂಡದ್ದೆಲ್ಲ ಅದರ ಮೇಲೆ ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ ಕೂರುತ್ತದೆ. ಗೊತ್ತಿಲ್ಲದವರ ಕಣ್ಣಿಗೆ ಅದು ಮಸಿ ಮೆತ್ತಿದ ಗಾಜು, ಅಷ್ಟೆ.

ಮನೆಗೆ ಬಂದು ಅರಳೆ ತುಂಬುತ್ತಿದ್ದ ಕಿಟಕಿಯಿಲ್ಲದ ಕೋಣೆಯಲ್ಲಿ ಕೆಂಪು ಗಾಜಿನ ಕಂದೀಲು ಹಚ್ಚಿಕೊಂಡು ಅವನ್ನು ಔಷಧದ ನೀರಿನಲ್ಲಿ ಹಾಕಿ ತೆಗೆಯುತ್ತಿದ್ದೆ. ಆಮೇಲೆ ಹಿತ್ತಲಿಗೆ ತಂದು ತಣ್ಣೀರಿನಲ್ಲಿ ತೊಳೆಯುವುದು. ಔಷಧದ ಅಂಶ ಒಂದಿಷ್ಟೂ ಉಳಿಯಬಾರದು, ಉಳಿದರೆ ವರ್ಷದೊಳಗೆ ಚಿತ್ರ ಹಳದಿಯಾಗುತ್ತದೆ. ಹತ್ತು ಸಲ, ಹನ್ನೆರಡು ಸಲ ನೀರು ಬದಲಿಸುತ್ತಿದ್ದೆ. ಆ ನೀರನ್ನು ಬಾವಿಯಿಂದ ಸೇದಿ ಕೊಟ್ಟವಳು ಅಕ್ಕ. ಏಳು ವರ್ಷ ಸೇದಿದಳು. ಕೊಡ ತಂದು ಇಟ್ಟು ಸೊಂಟದ ಮೇಲೆ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ನಿಂತು ನೋಡುವಳು. ನಾನು ತಲೆ ಎತ್ತುತ್ತಿರಲಿಲ್ಲ.

'ಇನ್ನ ಎಷ್ಟ ತೊಳೀತಿ ತಮ್ಮಾ?' ಎಂದು ಕೇಳುವಳು.

'ನೀ ನೀರ ತಾ. ನಿನಗ ತಿಳಿಯೂದಿಲ್ಲ' ಎನ್ನುತ್ತಿದ್ದೆ.

ಪ್ಲೇಟಿನಿಂದ ಕಾಗದದ ಮೇಲೆ ಚಿತ್ರ ಇಳಿಸುವುದು ಅವಸರದವರ ಕೆಲಸ ಎಂಬ ಸೊಕ್ಕು ಬೇರೆ ಇತ್ತು ನನಗೆ. ಪ್ಲೇಟು ಒಂದು ಕೈಯಲ್ಲಿದ್ದರೆ ನೂರು ವರ್ಷ ಬಿಟ್ಟು ಬೇಕಾದರೂ ಇಳಿಸಬಹುದು. ಹೀಗಾಗಿ ನನ್ನ ಮನೆಯಲ್ಲಿ ಕಾಗದದ ಚಿತ್ರ ಒಂದೂ ಇರಲಿಲ್ಲ. ಕಪ್ಪು ಗಾಜನ್ನು ಬೆಳಕಿಗೆ ಹಿಡಿದು ಓದಲು ನನಗೆ ಬರುತ್ತಿತ್ತು, ಸಾಕು. ಅರವತ್ತಕ್ಕೂ ಮೇಲಾಗಿದ್ದ ಪ್ಲೇಟುಗಳನ್ನು ಅರಿವೆ ಸುತ್ತಿ ಮರದ ಪೆಟ್ಟಿಗೆಗಳಲ್ಲಿ ಜೋಡಿಸಿಟ್ಟಿದ್ದೆ. ಅಕ್ಕ ಅಕ್ಷರ ಕಲಿತವಳಲ್ಲ. ಫೋಟೋ ಎಂಬುದನ್ನು ಅವಳು ಎಲ್ಲೋ ಯಾರದೋ ಮನೆಯ ಗೋಡೆಯ ಮೇಲೆ ನೋಡಿದ್ದಳು. ಅದು ಕ್ಯಾಮೆರಾದಿಂದ ನೇರವಾಗಿ ಕಾಗದಕ್ಕೆ ಬರುತ್ತದೆ, ನಡುವೆ ಇರುವ ಗಾಜು ಕಂದೀಲಿನ ಗಾಜಿದ್ದ ಹಾಗೆ, ಕೆಲಸ ಮಾಡುತ್ತ ಮಾಡುತ್ತ ಮಸಿ ಹಿಡಿಯುತ್ತದೆ ಎಂದು ಅವಳು ತಿಳಿದಿದ್ದಳು. ಹಾಗಲ್ಲ ಎಂದು ಒಂದು ಸಲ, ಒಂದೇ ಒಂದು ಸಲ, ಗಾಜನ್ನು ಬೆಳಕಿಗೆ ಹಿಡಿದು ತೋರಿಸಿದ್ದರೆ ಮುಗಿದುಹೋಗುತ್ತಿತ್ತು. ನಮೂನೆಗೆಂದು ಗಾಡಿಯಲ್ಲಿ ಒಯ್ಯುತ್ತಿದ್ದ ಒಂದು ಪ್ಲೇಟನ್ನು ಗುಡಿಯ ಪೂಜಾರಿಗೆ ತೋರಿಸಿದ್ದೆ, ದನ ಕಟ್ಟಿದವರಿಗೂ ತೋರಿಸಿದ್ದೆ. ನೀರು ಸೇದುವವಳಿಗೆ ತೋರಿಸಲಿಲ್ಲ.

ಏಳನೆಯ ವರ್ಷದ ಬೇಸಿಗೆಯಲ್ಲಿ ಒಂದು ಸುದ್ದಿ ಬಂತು. ಅಕ್ಕನನ್ನು ಹೊರಹಾಕಿದ ವಾಡೆಯನ್ನು ಕೆಡವುತ್ತಿದ್ದಾರೆ. ಅಣ್ಣತಮ್ಮಂದಿರು ಜಗಳಾಡಿ ಮನೆಯನ್ನು ಹಂಚಿಕೊಳ್ಳಲಾರದೆ ಕಂಬ, ತೊಲೆ, ಜಂತಿಗಳನ್ನೆಲ್ಲ ಒಬ್ಬ ಗುತ್ತಿಗೆದಾರನಿಗೆ ಮಾರಿದ್ದರು. ಅವನು ಅವನ್ನು ಹತ್ತಿ ಹಿಂಜುವ ಗಿರಣಿಯ ಚಪ್ಪರಕ್ಕೆ ಹಾಕುವವನಿದ್ದ. ಅಕ್ಕನಿಗೆ ಸವದತ್ತಿ ಕೋಟೆಗೆ ಹೋಗುತ್ತೇನೆ ಎಂದು ಸುಳ್ಳು ಹೇಳಿ ಗಾಡಿ ಕಟ್ಟಿಸಿದೆ. ಅವಳ ಗಾಯ ಕೆದಕಬಾರದು ಎಂದು ಸುಳ್ಳು ಹೇಳಿದೆ ಎಂದು ಆಗ ಅಂದುಕೊಂಡಿದ್ದೆ. ಈಗ ನೋಡಿದರೆ, ವಿವರಿಸುವ ತ್ರಾಸು ಬೇಡವಾಗಿತ್ತು.

ನಾನು ಹೋಗಿ ಮುಟ್ಟುವಷ್ಟರಲ್ಲಿ ಮಾಳಿಗೆಯ ಮಣ್ಣನ್ನು ಅರ್ಧ ಇಳಿಸಿದ್ದರು. ಗುತ್ತಿಗೆದಾರನ ಕಾಲು ಹಿಡಿಯುವುದೊಂದು ಬಾಕಿ, ಎರಡು ದಿನ ಕೆಲಸ ನಿಲ್ಲಿಸಲು ಒಪ್ಪಿಸಿದೆ. ಅಂಥ ಪಡಸಾಲೆಯನ್ನು ಈ ಸೀಮೆಯಲ್ಲಿ ನಾನು ಬೇರೆಲ್ಲೂ ನೋಡಿರಲಿಲ್ಲ. ಹದಿನಾರು ತೇಗದ ಕಂಬ, ಕಂಬದ ತಲೆಯ ಮೇಲೆ ತೊಲೆಯನ್ನು ಹೊರುವ ಬೋದಿಗೆಗಳು, ಒಂದೊಂದು ಬೋದಿಗೆಯಲ್ಲೂ ಕೆಳಗೆ ಬಾಗಿದ ಗಿಳಿಗಳು, ಒಂದು ಗಿಳಿಯಿದ್ದಂತೆ ಇನ್ನೊಂದಿಲ್ಲ. ಮೇಲಿನ ಮಣ್ಣು ತೆಗೆದಿದ್ದರಿಂದ ಎಂದೂ ಬೀಳದ ಬೆಳಕು ಅದರೊಳಗೆ ಬಿದ್ದಿತ್ತು. ಮನೆ ಸಾಯುತ್ತಿದ್ದುದರಿಂದಲೇ ನನಗೆ ಚಿತ್ರ ಸಿಕ್ಕಿತು. ಒಂಬತ್ತು ಪ್ಲೇಟು ತೆಗೆದೆ. ಆ ಮನೆಯ ಹಿರಿಯ, ಅಕ್ಕನನ್ನು ಗಾಡಿ ಹತ್ತಿಸಿದವನೇ, ಒಂದು ಕಂಬಕ್ಕೆ ಕೈ ಊರಿ ಮೀಸೆ ತಿರುವಿಕೊಂಡು ನಿಂತ. ತನ್ನದೂ ಒಂದು ಫೋಟೋ ಆಗಲಿ ಎಂದು.

'ಸರೀರಿ ಆಕಡೆ' ಅಂದೆ. 'ಕಂಬ ಮಾರಿದಾವ್ರ ಮೋರಿ ನನಗ ಬೇಕಾಗಿಲ್ಲ.'

ಅವನು ಹಲ್ಲು ಕಡಿದ. ನನಗೆ ಅದಕ್ಕಿಂತ ದೊಡ್ಡ ಸಂತೋಷ ಆ ವರ್ಷ ಆಗಿರಲಿಲ್ಲ. ಮೂರನೆಯ ದಿನ ಆ ಹದಿನಾರು ಕಂಬಗಳನ್ನೂ ಹಗ್ಗ ಕಟ್ಟಿ ಕೆಡವಿದರು. ಗಿಳಿಗಳನ್ನು ಕೊಡಲಿಯಿಂದ ಕೆತ್ತಿ ಹಾಕಿ ಬೋದಿಗೆಗಳನ್ನು ಸಪಾಟು ಮಾಡಿದರು, ಗಾಡಿಯಲ್ಲಿ ಒಂದರ ಮೇಲೊಂದು ಕೂರಲಿ ಎಂದು. ಆ ಮನೆ ಇತ್ತು ಎಂಬುದಕ್ಕೆ ಜಗತ್ತಿನಲ್ಲಿ ಇನ್ನು ನನ್ನ ಒಂಬತ್ತು ಗಾಜುಗಳು ಮಾತ್ರ ಉಳಿದವು.

ಮುಂಬಯಿಯ ಆ ಸಂಗ್ರಹದವರಿಗೆ ನನ್ನ ಪ್ಲೇಟುಗಳ ಪಟ್ಟಿ ಬರೆದು ಕಳಿಸಿದೆ. ಶ್ರಾವಣದಲ್ಲಿ ಉತ್ತರ ಬಂತು. ಕಾಗದದ ಚಿತ್ರ ಬೇಡ, ಪ್ಲೇಟುಗಳೇ ಬೇಕು. ದಸರೆ ಮುಗಿದ ವಾರದಲ್ಲಿ ನಮ್ಮ ಅಧಿಕಾರಿ ಬಂದು ನೋಡಿ ಒಯ್ಯುತ್ತಾರೆ. ಕೆಡವಿದ ವಾಡೆಯ ಒಂಬತ್ತನ್ನು ಬಹಳ ಜೋಪಾನವಾಗಿ ಇಡಿ. ಓದಿ ನೆಲದ ಮೇಲೆ ನಿಲ್ಲಲಾರದಾದೆ. ಏಳು ವರ್ಷ ನಕ್ಕವರ ಬಾಯಿಗೆ ಬೀಗ ಬೀಳುವ ದಿನ ಬಂತು ಅಂದುಕೊಂಡೆ. ಅಡಿಗೆಮನೆಯ ಬಾಗಿಲಲ್ಲಿ ನಿಂತು ಅಕ್ಕನಿಗೆ ಹೇಳಿದೆ:

'ನನ್ನ ಗಾಜು ನೋಡಾಕ ಮುಂಬಯಿಂದ ದೊಡ್ಡ ಅಧಿಕಾರಿ ಬರಾಕತ್ತಾರ.'

'ಗಾಜು ನೋಡಾಕ?' ಅಂದಳು ಅಕ್ಕ. ಹಿಟ್ಟಿನ ಕೈ ಹಾಗೇ ನಿಂತಿತು. 'ಆ ಗಾಜೇನು, ಪೆಟ್ಟಿಗ್ಯಾಗಿನವು?'

'ಹೂಂ. ಅವ.'

ಅಷ್ಟು ಹೇಳಿ ಹೊರಗೆ ಹೋದೆ. ಗಾಜಿನಲ್ಲಿ ಏನಿದೆ ಎಂದು ಆಗಲೂ ಹೇಳಲಿಲ್ಲ.

ನವರಾತ್ರಿಯಲ್ಲಿ ರಾಮದುರ್ಗದ ಅರಮನೆಯ ಬಾಗಿಲಿನ ಚಿತ್ರ ತೆಗೆಯಲು ಸಣ್ಣದೊಂದು ಕ್ಯಾಮೆರಾ ಎರವಲು ತೆಗೆದುಕೊಂಡು ಹೋದೆ. ನನ್ನ ದೊಡ್ಡ ಕ್ಯಾಮೆರಾದ ತಿದಿಗೆ ಸಣ್ಣ ತೂತು ಬಿದ್ದು ಒಳಗೆ ಬೆಳಕು ಸೋರುತ್ತಿತ್ತು, ಅದನ್ನು ಮನೆಯಲ್ಲೇ ಬಿಟ್ಟಿದ್ದೆ. ಖಂಡೆಪೂಜೆಯ ದಿನ ಮಧ್ಯಾಹ್ನಕ್ಕೆ ಊರು ಮುಟ್ಟಿದೆ. ನಮ್ಮ ಕಡೆ ಅಂದು ದುಡಿಯುವವರೆಲ್ಲ ತಮ್ಮ ತಮ್ಮ ಸಾಮಾನು ತೊಳೆದು ಪೂಜೆಗೆ ಇಡುತ್ತಾರೆ. ಕಮ್ಮಾರ ಸುತ್ತಿಗೆ, ಒಕ್ಕಲಿಗ ಕುಡುಗೋಲು, ಅಡತಿಯವನು ತಕ್ಕಡಿ. ಆ ದಿನ ತೊಳೆಯದ ಸಾಮಾನು ಮನೆಯಲ್ಲಿ ಇರಬಾರದು. ಪ್ರತಿ ವರ್ಷ ನಾನು ಕ್ಯಾಮೆರಾವನ್ನು ಅಕ್ಕನ ಕೈಗೆ ಸಿಗದ ಹಾಗೆ ಕೋಣೆಯಲ್ಲೇ ಇಟ್ಟು, ಅದಕ್ಕೊಂದು ವಿಭೂತಿಯ ಬೊಟ್ಟು ಹಚ್ಚಿ, ಬಾಗಿಲು ಹಾಕಿಬಿಡುತ್ತಿದ್ದೆ. ಈ ವರ್ಷ ನಾನು ಮನೆಯಲ್ಲಿರಲಿಲ್ಲ.

ಗಾಡಿಯವ ಸಾಮಾನು ಹೊತ್ತು ನನ್ನ ಹಿಂದೆಯೇ ಒಳಗೆ ಬಂದ. ಪಡಸಾಲೆಯಲ್ಲಿ ಕಂಬಳಿ ಹಾಸಿ ಅಕ್ಕ ಪೂಜೆ ಹೂಡಿದ್ದಳು. ನಡುವೆ ಕ್ಯಾಮೆರಾ. ಅದರ ಹಿತ್ತಾಳೆಯ ಕೊಳವೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದ್ದಳು, ಬಂಗಾರದ ಹಾಗೆ ಥಳಥಳ ಹೊಳೆಯುತ್ತಿತ್ತು. ಅದರ ಸುತ್ತ, ಗೋಡೆಗೆ ಒರಗಿಸಿ, ಒಂದರ ಪಕ್ಕ ಒಂದು, ಎಲ್ಲ ಗಾಜುಗಳೂ. ಒಂದೊಂದಕ್ಕೂ ಮೂರು ಬೆರಳಿನ ವಿಭೂತಿ, ಒಂದೊಂದು ಚೆಂಡುಹೂವು. ಗಾಜಿನ ಹಿಂದಿದ್ದ ಗೋಡೆಯ ಸುಣ್ಣ ಅವುಗಳೊಳಗಿಂದ ಬೆಳ್ಳಗೆ ಕಾಣುತ್ತಿತ್ತು.

'ಬಂದ್ಯಾ ತಮ್ಮಾ?' ಅಂದಳು ಅಕ್ಕ. ಅವಳ ಮುಖದಲ್ಲಿ ಅಂಥ ಸಂತೋಷವನ್ನು ನಾನು ಹಿಂದೆ ಕಂಡಿರಲಿಲ್ಲ. 'ಕೈಕಾಲ ತೊಳಕೊಂಡ ಬಾ. ನೋಡು, ಈ ವರ್ಷ ನಿನ್ನ ಸಾಮಾನೂ ಪೂಜೀಗೆ ಕುಂತಾವ. ಏಳು ವರ್ಷ ಆತು, ನೀ ತೊಳದದ್ದ ತೊಳೀತಿದ್ದಿ, ಒಂದಿನಾರ ಹೊಲಸ ಹೋಗಿತ್ತೇನು? ತಣ್ಣೀರಾಗ ಹೋಕ್ಕೈತೇನೋ ಹುಚ್ಚಾ? ಹಂಡೇದಾಗ ನೀರ ಕಾಸಿ, ಅರಿವಿ ಒಗಿಯೋ ಸೋಡಾ ಹಾಕಿ ನೆನಿಯಾಕ ಇಟ್ಟೆ. ತೊಗಲ ಸುಲದಂಗ ಸುಲಕೊಂಡ ಬಂತು ನೋಡು. ಎರಡ ದಿನ ಹತ್ತೇತಿ ನನಗ. ಮುಂಬಯಿಯವ್ರು ಬಂದು ಆ ಕರ್ರನ ಗಾಜ ನೋಡಿ ಏನಂತಿದ್ರು? ಮನ್ಯಾಗ ಹೆಣಮಕ್ಕಳಿಲ್ಲೇನು ಅಂತಿದ್ದಿಲ್ಲೇನು?'

ನಾನು ಒಂದು ಗಾಜನ್ನು ಕೈಗೆ ತೆಗೆದುಕೊಂಡು ಬಾಗಿಲ ಬೆಳಕಿಗೆ ಹಿಡಿದೆ. ಬೀದಿ ಕಂಡಿತು. ಇನ್ನೊಂದನ್ನು ಹಿಡಿದೆ. ಎದುರು ಮನೆಯ ಕಟ್ಟೆ ಕಂಡಿತು. ಯಾವುದು ದೇಗಾಂವ, ಯಾವುದು ಕಿತ್ತೂರು, ಯಾವುದು ವಾಡೆ, ಒಂದೂ ಗೊತ್ತಾಗಲಿಲ್ಲ. ಎಲ್ಲವೂ ಒಂದೇ ಆಗಿದ್ದವು.

ಆಮೇಲೆ ನಾನು ಆಡಿದ್ದನ್ನು ಬರೆಯದೆ ಬಿಡಬಹುದು, ಕೇಳಿದ ಗಾಡಿಯವನೂ ಈಗ ಇಲ್ಲ. ಆದರೆ ಅದನ್ನು ಬಿಟ್ಟು ಉಳಿದದ್ದನ್ನು ಬರೆಯಲು ನನಗೆ ಮುಖವಿಲ್ಲ. ಕೈಯಲ್ಲಿದ್ದ ಗಾಜನ್ನು ನೆಲಕ್ಕೆ ಅಪ್ಪಳಿಸಿ ಹೇಳಿದೆ:

'ಗಂಡನ್ನ ನುಂಗಿದಿ. ಆ ಮನಿ ನುಂಗಿದಿ. ಈಗ ನನ್ನ ಏಳು ವರ್ಷ ನುಂಗಿದಿ. ಇನ್ನೇನ ಉಳದೈತಿ, ನನ್ನೂ ನುಂಗಿಬಿಡು!'

ಗಂಡ ಸತ್ತವಳಿಗೆ ಊರಿನ ಕೆಟ್ಟ ಬಾಯಿಗಳು ಆಡುವ ಮಾತು ಅದು. ನಮ್ಮ ಮನೆಯೊಳಗೆ ಅದನ್ನು ಅಲ್ಲಿಯವರೆಗೆ ಯಾರೂ ಆಡಿರಲಿಲ್ಲ. ವಾಡೆಯವರೂ ಅದನ್ನು ಅವಳ ಮುಖಕ್ಕೆ ಅನ್ನದೆ ಗಾಡಿ ಹತ್ತಿಸಿದ್ದರು.

ಗಾಡಿಯವ ಸಾಮಾನು ಕೆಳಗಿಟ್ಟ. 'ಸಾವ್ಕಾರ್ರ, ಹಬ್ಬದ ದಿನ ಹಂಗ ಅನಬ್ಯಾಡ್ರಿ' ಅಂದ. 'ತಾಯಿ ಇದ್ದಂಗ ಅದಾರ ಅವರು.' ಅವನಿಗೂ ಬೈದು ಹೊರಗೆ ಕಳಿಸಿದೆ. ಅಕ್ಕ ಗಾಜಿನ ಚೂರುಗಳನ್ನು ಸೆರಗಿನಲ್ಲಿ ಆರಿಸಿಕೊಂಡು ಹಿತ್ತಲಿಗೆ ಹೋದಳು. ಏನು ತಪ್ಪಾಯಿತು ಎಂದು ಅವಳಿಗೆ ಗೊತ್ತಿರಲಿಲ್ಲ.

ಮರುದಿನ ಬನ್ನಿ. ಸಂಜೆ ಊರೆಲ್ಲ ಬನ್ನಿಯ ಎಲೆ ಹಿಡಿದು ಮನೆ ಮನೆಗೆ ತಿರುಗಿ, ಬಂಗಾರದ ಹಾಗೆ ಇರೋಣ ಎಂದು ಒಬ್ಬರಿಗೊಬ್ಬರು ಕೊಡುವ ದಿನ. ಕೋರ್ಟಿನಲ್ಲಿ ಹೊಡೆದಾಡುವವರು ಕೂಡ ಅಂದು ಒಬ್ಬರ ಬಾಗಿಲಿಗೊಬ್ಬರು ಹೋಗುತ್ತಾರೆ. ಪ್ರತಿ ವರ್ಷ ಮೊದಲು ನಾನು ಅಕ್ಕನ ಕಾಲು ಮುಟ್ಟಿ ಬನ್ನಿ ಕೊಡುವುದು ವಾಡಿಕೆ. ಆ ವರ್ಷ ನಾನು ಏಳಲಿಲ್ಲ. ದೀಪ ಹಚ್ಚುವ ಹೊತ್ತಿಗೆ, ಹಿರಿಯಳಾದ ಅವಳೇ ಎಲೆ ಹಿಡಿದು ನನ್ನ ಮುಂದೆ ಬಂದು ನಿಂತಳು.

'ಬನ್ನಿ ತೊಗೊ ತಮ್ಮಾ. ಬಂಗಾರದ್ಹಂಗ ಇರೂನು.'

ನಾನು ಕೈ ಚಾಚಲಿಲ್ಲ. ಅವಳು ಎಲೆಯನ್ನು ನನ್ನ ಪಕ್ಕದ ಗೂಡಿನಲ್ಲಿಟ್ಟು ಹೋದಳು. ನನಗೆ ಬರಬೇಕಾದ ಸಿಟ್ಟೇ ಬಂದಿದೆ, ನಾನು ಮಾಡಿದ್ದು ಸರಿ ಎಂದು ಗೋಡೆ ನೋಡುತ್ತ ಕೂತೆ. ಬುದ್ಧಿಗೇಡಿ ಪೂಜೆ, ಬುದ್ಧಿಗೇಡಿ ಮನೆ, ಬುದ್ಧಿಗೇಡಿ ಊರು. ಕೆಡವುವವರು ಒಂದು ಕಡೆ, ತೊಳೆಯುವವರು ಇನ್ನೊಂದು ಕಡೆ. ನಡುವೆ ನಾನೊಬ್ಬನೇ ಜಾಣ.

ಎಂಟನೆಯ ದಿನ ಅಧಿಕಾರಿ ಬಂದರು. ಧಾರವಾಡದ ಕಡೆಯವರೇ, ಮುಂಬಯಿಯಲ್ಲಿ ನೌಕರಿ. ಬರಬೇಡಿ ಎಂದು ಪತ್ರ ಹಾಕಬಹುದಿತ್ತು, ಸಿಟ್ಟಿನಲ್ಲಿ ಅದನ್ನೂ ಮಾಡಿರಲಿಲ್ಲ. ಪೆಟ್ಟಿಗೆ ತೆಗೆದು ಗಾಜುಗಳನ್ನು ಮುಂದಿಟ್ಟೆ. ಒಂದೊಂದನ್ನೇ ಎತ್ತಿ ನೋಡಿದರು. ನಾಲ್ಕನೆಯದಕ್ಕೆ ನಗತೊಡಗಿದರು.

'ಏನ್ರೀ ಇದು? ಕಿಟಕೀಗೆ ಹಾಕೋ ಗಾಜು ನೋಡ್ಲಿಕ್ಕೆ ನಾ ಅಷ್ಟು ದೂರದಿಂದ ಬಂದೇನಾ?'

ಆದದ್ದನ್ನು ಹೇಳಿದೆ. ಅಕ್ಕ ಚಹಾ ತಂದು ಬಾಗಿಲ ಹಿಂದೆ ನಿಂತಿದ್ದಳು, ಅದು ನನಗೆ ಗೊತ್ತಿತ್ತು, ಗೊತ್ತಿದ್ದೇ ದೊಡ್ಡ ದನಿಯಲ್ಲಿ ಹೇಳಿದೆ. ಅಧಿಕಾರಿ ನಕ್ಕು ನಕ್ಕು ಕಣ್ಣು ಒರೆಸಿಕೊಂಡರು.

'ಹೋಗ್ಲಿ ಬಿಡ್ರಿ. ಗುಡಿ ಎಲ್ಲಿ ಓಡಿ ಹೋಗ್ತದ? ಕೋಟೆ ಎಲ್ಲಿ ಹೋಗ್ತದ? ಮತ್ತೊಮ್ಮೆ ತಗೀರಿ.'

'ವಾಡೆ?' ಅಂದೆ. 'ಅದು ಎಲ್ಲೈತ್ರಿ? ಅದರ ಕಂಬ ಗಿರಣಿ ಚಪ್ಪರದಾಗ ನಿಂತಾವು. ಅದನ್ನ ಎಲ್ಲಿಂದ ತಗೀಲಿ?'

ಅವರು ಗಾಜುಗಳನ್ನು ಪೆಟ್ಟಿಗೆಗೆ ಮರಳಿ ಇಟ್ಟರು. ಎದ್ದು ಹೊರಡುವಾಗ ಮೂಲೆಯಲ್ಲಿದ್ದ ಕ್ಯಾಮೆರಾದ ಮೇಲೆ ಅವರ ಕಣ್ಣು ಬಿತ್ತು. ಇಂಥ ಮಾದರಿ ನಮ್ಮಲ್ಲಿಲ್ಲ, ಎಷ್ಟು ಚೊಕ್ಕ ಇಟ್ಟಿದ್ದೀರಿ, ಚಿತ್ರಗಳಂತೂ ಹೋದವು, ಇದನ್ನಾದರೂ ಕೊಡಿ ಅಂದರು. ಕೊಟ್ಟುಬಿಟ್ಟೆ. ದೊಡ್ಡಸ್ತಿಕೆಯಿಂದ ಕೊಟ್ಟದ್ದಲ್ಲ. ಬಾಗಿಲ ಹಿಂದೆ ನಿಂತವಳು ನೋಡಲಿ, ನೀನು ಮಾಡಿದ್ದರಿಂದ ಏನೇನು ಹೋಯಿತು ಎಂದು ತಿಳಿಯಲಿ ಎಂದು ಕೊಟ್ಟೆ. ಅವರು ಅದನ್ನು ಟಾಂಗಾದಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದರು.

ಒಳಗೆ ಬಂದಾಗ ಅಕ್ಕ ಹಿತ್ತಲ ಬಾವಿಯ ಕಟ್ಟೆಯ ಮೇಲೆ ಕೂತಿದ್ದಳು. ಎಂಟು ದಿನಗಳಿಂದ ನಾನು ಅವಳೊಡನೆ ಮಾತಾಡಿರಲಿಲ್ಲ.

'ಒಂದ ಕೇಳತೇನಿ, ಬೈಬ್ಯಾಡ' ಅಂದಳು. 'ನೀ ವಾಡೆ ವಾಡೆ ಅಂದಿ. ಯಾವ ವಾಡೆ?'

'ನಿಂದ' ಅಂದೆ. 'ಇನ್ಯಾವುದು? ಕೆಡವೂಕಿಂತ ಮೊದಲ ಹೋಗಿ ತಗದಿದ್ದೆ. ಪಡಸಾಲಿ, ಕಂಬ, ಗಿಳಿ, ಬಾಗಲಾ, ಎಲ್ಲಾ. ನೀ ತೊಳದದ್ದು ಮಸಿ ಅಲ್ಲ. ನಿನ್ನ ಮನಿ.'

ಬೇಕೆಂದೇ ಹಾಗೆ ಹೇಳಿದೆ. ಅವಳು ಅಳಲಿಲ್ಲ. ಒದ್ದೆಯಿಲ್ಲದ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಕೇಳಿದಳು:

'ಪಡಸಾಲ್ಯಾಗ, ನಡುವಿನ ತೊಲಿಗೆ ಎರಡ ಕಬ್ಬಿಣದ ಕೊಂಡಿ ಇದ್ವು. ತೊಟ್ಟಲಾ ಕಟ್ಟತಿದ್ವಿ. ಅವು ಬಂದಿದ್ವೇನು ಅದರಾಗ?'

ಅವಳಿಗೆ ಒಂದು ಕೂಸಾಗಿತ್ತು. ಹನ್ನೊಂದು ತಿಂಗಳು ಇದ್ದು ಹೋಯಿತು, ಅವಳ ಗಂಡನಿಗಿಂತ ಒಂದು ವರ್ಷ ಮೊದಲು. ಆ ಊರಿನ ಹೆಸರಿನ ಜೊತೆಗೆ ಆ ಕೂಸಿನ ಮಾತನ್ನೂ ನಮ್ಮ ಮನೆಯಲ್ಲಿ ಹೂತುಹಾಕಿದ್ದೆವು. ಅಂಥದೊಂದು ಕೂಸಿತ್ತು ಎಂಬುದು ನನ್ನ ನೆನಪಿಗೆ ಬಂದದ್ದೇ ಆ ಬಾವಿಯ ಕಟ್ಟೆಯ ಹತ್ತಿರ, ಅವಳು ಕೇಳಿದಾಗ.

ಕೊಂಡಿಗಳು ಮಾತ್ರ ನನಗೆ ಚೆನ್ನಾಗಿ ನೆನಪಿದ್ದವು. ತುಕ್ಕು ಹಿಡಿದ ಎರಡು ದಪ್ಪ ಕೊಂಡಿ, ಒಂದರಲ್ಲಿ ಹರಿದ ಹಗ್ಗದ ತುಂಡು ಜೋತಾಡುತ್ತಿತ್ತು. ಕ್ಯಾಮೆರಾದ ಕರಿ ಬಟ್ಟೆಯೊಳಗೆ ತಲೆ ಹಾಕಿದಾಗ ಮೊದಲು ಕಣ್ಣಿಗೆ ಹೊಡೆದದ್ದೇ ಅವು. ಇಷ್ಟು ಚೆಂದದ ಕೆತ್ತನೆಯ ನಡುವೆ ಈ ಹೊಲಸು ಯಾಕೆ ಎಂದು ಗೊಣಗಿ, ಸ್ಟ್ಯಾಂಡನ್ನು ಎರಡು ಹೆಜ್ಜೆ ಎಡಕ್ಕೆ ಸರಿಸಿ, ಮುಂದಿನ ಕಂಬದ ಗಿಳಿಗಳ ಹಿಂದೆ ಅವು ಮರೆಯಾಗುವ ಹಾಗೆ ನಿಲ್ಲಿಸಿಕೊಂಡಿದ್ದೆ. ಒಂಬತ್ತು ಪ್ಲೇಟಿನಲ್ಲಿ ಒಂದರಲ್ಲೂ ಅವು ಬರದಂತೆ ನೋಡಿಕೊಂಡಿದ್ದೆ. ಚಿತ್ರ ಬಹಳ ಚೊಕ್ಕ ಬಂತು ಎಂದು ಆಗ ಹಿಗ್ಗಿದ್ದೂ ನೆನಪಿದೆ.

'ಬಂದಿದ್ವು' ಅಂದೆ.

ಅವಳ ಸಮಾಧಾನಕ್ಕೆ ಹಾಗೆ ಹೇಳಿದೆ ಎಂದು ಬರೆದರೆ ಓದುವವರು ನಂಬಿಯಾರು. ಅಲ್ಲ. ಅವಳಿಗೆ ನೋಯಲಿ ಎಂದು ಹೇಳಿದೆ.

'ಎರಡೂ?'

'ಎರಡೂ.'

ಅಕ್ಕ ತನ್ನ ಎರಡು ಅಂಗೈಗಳನ್ನು ಮುಂದೆ ಹಿಡಿದುಕೊಂಡು ನೋಡಿದಳು. ಸೋಡಾದ ನೀರಿಗೆ ಬೆರಳ ತುದಿಯ ತೊಗಲು ಇನ್ನೂ ಸುಲಿದೇ ಇತ್ತು.

'ಹಂಗಾರ ನನ್ನ ಕೈಯಾರೆ ನಾನ ತೊಳದೆ' ಅಂದಳು.

ಅದಾದ ಮೇಲೆ ಅವಳು ಹನ್ನೊಂದು ವರ್ಷ ಬದುಕಿದ್ದಳು. ಖಂಡೆಪೂಜೆ ಬಂದಾಗ ಯಾವ ಸಾಮಾನಿಗೂ ನೀರು ಮುಟ್ಟಿಸುತ್ತಿರಲಿಲ್ಲ, ಪಕ್ಕದ ಮನೆಯವಳನ್ನು ಕರೆದು ತೊಳೆಸುತ್ತಿದ್ದಳು. ನಾವು ಮತ್ತೆ ಮಾತಾಡಿದೆವು, ನಕ್ಕೆವು, ಬನ್ನಿಯನ್ನೂ ಕೊಟ್ಟು ತೆಗೆದುಕೊಂಡೆವು. ಬಂದಿರಲಿಲ್ಲ ಅಕ್ಕಾ, ಅವನ್ನು ಬಿಟ್ಟವನು ನಾನು, ಎಂದು ಹೇಳಲು ನನಗೆ ಅಷ್ಟೂ ವರ್ಷ ಸಮಯವಿತ್ತು. ನಾನು ಹೇಳಲಿಲ್ಲ.